ಅಪ್ಪನ ಕಡೆ ಇನಿಷಿಯಲ್, ಅಮ್ಮನ ಕಡೆ ಅಡ್ಡಹೆಸರು, ನಕ್ಷತ್ರದ ಅಕ್ಷರ ‘ಷ’: ಮಗುವಿನ ಹೆಸರು ದಾಖಲೆಯಲ್ಲಿ ಹೇಗಿರಬೇಕು?

ಪ್ರಶ್ನೆ: ಶ್ರುತಿಪೆಟ್ಟಿಗೆ

ಹೆಣ್ಣುಮಗು, ನಾಲ್ಕು ತಿಂಗಳು. ಹೆರಿಗೆ ಆಗಿದ್ದು ಹುಬ್ಬಳ್ಳಿಯಲ್ಲಿ, ಮನೆ ಬೆಂಗಳೂರಿನಲ್ಲಿ. ಆಸ್ಪತ್ರೆಯವರೇ ಜನನ ನೋಂದಣಿ ಮಾಡಿಸಿದ್ದಾರೆ, ಆದರೆ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಕರೆಯುವ ಹೆಸರು ‘ಶ್ರಾವ್ಯ’ ಎಂದು ತೀರ್ಮಾನವಾಗಿದೆ. ಗೊಂದಲ ಇರುವುದು ಮೂರು ಕಡೆ.

ಒಂದು, ಅಪ್ಪ ಹಳೇ ಮೈಸೂರಿನವರು, ದಾಖಲೆಗಳಲ್ಲಿ ‘ಮಂಜುನಾಥ ಕೆ. ಎಸ್.’ (ಇಲ್ಲಿನ ಹೆಸರುಗಳನ್ನೆಲ್ಲ ಉದಾಹರಣೆ ಎಂದೇ ಓದಿಕೊಳ್ಳಿ). ಕೆ ಅಂದರೆ ಕಡೂರು, ಎಸ್ ಅಂದರೆ ಸಿದ್ದಪ್ಪ. ಸರ್‌ನೇಮ್ ಅಂತ ಯಾವುದೂ ಇಲ್ಲ. ಅಮ್ಮ ಧಾರವಾಡದ ಕಡೆಯವರು, ‘ಸವಿತಾ ಈರಪ್ಪ ಬಡಿಗೇರ’. ಮಗುವಿಗೆ ಯಾವ ಪದ್ಧತಿ? ‘ಶ್ರಾವ್ಯ ಎಂ.’ ಅಂತ ಇಟ್ಟುಬಿಟ್ಟರೆ ಏನು ತೊಂದರೆ?

ಎರಡು, ಹಸ್ತಾ ನಕ್ಷತ್ರ ಎರಡನೇ ಪಾದ, ಅಕ್ಷರ ‘ಷ’. ಶ್ರಾವ್ಯ ಸರಿಹೋಗುತ್ತದೆ ಎಂದು ಮೊಬೈಲ್ ಆ್ಯಪ್ ಹೇಳುತ್ತದೆ, ಅಜ್ಜ ಒಪ್ಪುತ್ತಿಲ್ಲ.

ಮೂರು, ಇಂಗ್ಲಿಷ್ ಸ್ಪೆಲ್ಲಿಂಗ್. ಸಂಖ್ಯಾಶಾಸ್ತ್ರ ಬೇಡ, ಮುಂದೆ ಕಚೇರಿ ಅಲೆದಾಟ ತಪ್ಪಿದರೆ ಸಾಕು.

ಉತ್ತರ: ಕಡತದಾರ

ಮೊದಲ ಪ್ರಶ್ನೆಗೆ ನೇರ ಉತ್ತರ: ‘ಶ್ರಾವ್ಯ ಎಂ.’ ಬೇಡ. ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಡವುವುದು ಹೆಸರನ್ನು ತುಂಡು ಮಾಡಿ ಕೇಳುವ ಅರ್ಜಿಗಳಲ್ಲಿ.

ಜನನ ಪ್ರಮಾಣಪತ್ರ, ಆಧಾರ್ ಎರಡರಲ್ಲೂ ಹೆಸರಿಗೆ ಒಂದೇ ಜಾಗ, ಬರೆದದ್ದು ಬರೆದ ಹಾಗೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಎರಡು ಅಂಕಣ, ಗಿವನ್ ನೇಮ್ ಮತ್ತು ಸರ್‌ನೇಮ್. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಲೇಬೇಕು. ಸರ್‌ನೇಮ್ ಖಾಲಿ ಬಿಡಬಹುದು, ಗಿವನ್ ನೇಮ್ ಖಾಲಿ ಬಿಡುವ ಹಾಗಿಲ್ಲ. ಪ್ಯಾನ್ ಅರ್ಜಿಯಲ್ಲಿ ಮೂರು ಅಂಕಣ, ಕಡ್ಡಾಯವಾಗಿರುವುದು ಲಾಸ್ಟ್ ನೇಮ್. ಅಲ್ಲೂ ಇನಿಷಿಯಲ್ ಬರೆಯಬಾರದು ಎಂಬ ಸೂಚನೆಯಿದೆ.

ಈಗ ಬರೀ ‘ಶ್ರಾವ್ಯ’ ಎಂದು ಒಂಟಿ ಹೆಸರು ಇಟ್ಟಿರಿ ಎನ್ನೋಣ. ಪಾಸ್‌ಪೋರ್ಟಿನಲ್ಲಿ ಅದು ಗಿವನ್ ನೇಮ್ ಜಾಗಕ್ಕೆ ಹೋಗುತ್ತದೆ. ಪ್ಯಾನ್‌ನಲ್ಲಿ ಅದೇ ಹೆಸರು ಲಾಸ್ಟ್ ನೇಮ್ ಜಾಗಕ್ಕೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಸರ್‌ನೇಮ್ ಜಾಗಕ್ಕೆ ಬಂದು, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಕೂರುತ್ತದೆ. ಒಂದೇ ಹೆಸರು ಮೂರು ಕಡೆ ಮೂರು ಪೆಟ್ಟಿಗೆ. ಯಾವುದೂ ತಪ್ಪಲ್ಲ, ಆಯಾ ನಿಯಮದ ಪ್ರಕಾರ ಎಲ್ಲವೂ ಸರಿಯೇ. ಹಾಗಿದ್ದರೂ ಒಂದಕ್ಕೊಂದು ಹೋಲಿಸಿ ನೋಡುವ ತಂತ್ರಾಂಶಕ್ಕೆ ಇವರು ಮೂವರು ಬೇರೆ ಬೇರೆ ಜನ. ವಿಮಾನದ ಟಿಕೆಟ್ ಕಾಯ್ದಿರಿಸುವ ಜಾಲತಾಣಗಳು ಲಾಸ್ಟ್ ನೇಮ್ ಇಲ್ಲದೆ ಮುಂದಕ್ಕೇ ಹೋಗಗೊಡುವುದಿಲ್ಲ. ಕೆಲವು ಕಂಪನಿಗಳು ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತವೆ, ಕೆಲವು ಎಫ್‌ಎನ್‌ಯು ಹಾಕಿ ಎನ್ನುತ್ತವೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ದಕ್ಷಿಣ ಭಾರತದ ಎಷ್ಟೋ ಮಂದಿಗೆ ಬಿಸಿ ತಟ್ಟಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಬಿಡುತ್ತೇವೆ ಎಂಬ ಸ್ಪಷ್ಟನೆ ಆಮೇಲೆ ಬಂತು.

ಆದ್ದರಿಂದ ಎರಡು ಪದ ಇರಲಿ, ಎರಡೂ ಪೂರ್ತಿಯಾಗಿ ಇರಲಿ. ನಿಮ್ಮ ಮುಂದಿರುವುದು ಶ್ರಾವ್ಯ ಮಂಜುನಾಥ, ಶ್ರಾವ್ಯ ಕಡೂರು, ಶ್ರಾವ್ಯ ಬಡಿಗೇರ. ಮೂರೂ ನಡೆಯುತ್ತವೆ. ಪಾಸ್‌ಪೋರ್ಟಿಗೆ ಮಗುವಿನ ಸರ್‌ನೇಮ್ ಅಪ್ಪ ಅಮ್ಮನದರ ಜೊತೆ ಹೊಂದಲೇಬೇಕು ಎಂಬ ನಿಯಮವಿಲ್ಲ. ನನ್ನ ಮತ ‘ಶ್ರಾವ್ಯ ಮಂಜುನಾಥ’ಕ್ಕೆ. ಅಪ್ಪನ ಎಲ್ಲ ದಾಖಲೆಗಳಲ್ಲೂ ಈಗಾಗಲೇ ಆ ಪದ ಇದೆ, ಹೊಸದಾಗಿ ಏನನ್ನೂ ಸಾಬೀತು ಮಾಡಬೇಕಿಲ್ಲ.

ಒಂದು ಎಚ್ಚರಿಕೆ. ಅಪ್ಪ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ‘ಕೆ. ಎಸ್.’ ಬಿಡಿಸಲೇಬೇಕು: ಗಿವನ್ ನೇಮ್ ಮಂಜುನಾಥ, ಸರ್‌ನೇಮ್ ಕಡೂರು ಸಿದ್ದಪ್ಪ. ಮಗುವಿನ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆಯ ಹೆಸರನ್ನೂ ಬರೆಯಬೇಕು. ಅದು ಒಂದು ರೀತಿ, ಅಪ್ಪನದೇ ಪಾಸ್‌ಪೋರ್ಟ್ ಇನ್ನೊಂದು ರೀತಿ ಇದ್ದರೆ ವೀಸಾ ಹೊತ್ತಿಗೆ ವಿವರಣೆ ಕೇಳುತ್ತಾರೆ. ಹಾಗಾಗಿ ಅಪ್ಪನ ಇನಿಷಿಯಲ್ ಹೇಗೆ ಬಿಡಿಸಬೇಕೆಂದು ಮೊದಲು ನಿರ್ಧರಿಸಿ, ಅದಾದ ಮೇಲೆ ಮಗುವಿನದು.

ಉತ್ತರ: ಪಂಚಾಂಗಪಟ

ಅಜ್ಜ ಹೇಳಿದ್ದೇ ಸರಿ, ಆ್ಯಪ್ ತಪ್ಪು. ಹಸ್ತಾ ನಕ್ಷತ್ರದ ನಾಲ್ಕು ಪಾದಗಳಿಗೆ ಅಕ್ಷರ ಪು, ಷ, ಣ, ಠ. ಇಲ್ಲಿರುವುದು ಹೊಟ್ಟೆ ಸೀಳಿದ ಷ. ‘ಶ್ರಾವ್ಯ’ದಲ್ಲಿರುವುದು ತಾಲವ್ಯ ಶ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಎಸ್ ಎಚ್’ ಬರೆಯುವುದರಿಂದ ಆ್ಯಪ್‌ಗಳು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ನಕ್ಷತ್ರ ಪಾದಗಳಿಗೆ ಅಕ್ಷರ ಹಂಚುವ ಅಕ್ಷರಚಕ್ರದಲ್ಲಿ ಶ ಎಂಬುದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಮನೆಯಿಲ್ಲ, ಅದನ್ನು ಸ ಜೊತೆಗೆ ಎಣಿಸುತ್ತಾರೆ (ಬ ಅಕ್ಷರವನ್ನು ವ ಜೊತೆಗೆ ಎಣಿಸುವ ಹಾಗೆ). ಸ, ಸಿ, ಸು ಬರುವುದು ಶತಭಿಷಕ್ಕೆ, ಅದು ಕುಂಭ ರಾಶಿ. ನಿಮ್ಮ ಮಗುವಿನದು ಕನ್ಯಾ ರಾಶಿ.

ಇನ್ನೊಂದು ತೊಡಕು ಬಹಳ ಜನಕ್ಕೆ ಬರುತ್ತದೆ: ಙ, ಞ, ಣ ಅಕ್ಷರ ಬಂದರೆ ಏನು ಮಾಡುವುದು? ಇವುಗಳಿಂದ ಹೆಸರು ಶುರುವಾಗುವುದೇ ಇಲ್ಲ. ಅದಕ್ಕೆ ಜ್ಯೋತಿಷದವರೇ ದಾರಿ ಹೇಳಿದ್ದಾರೆ: ಙ ಬದಲು ಗ, ಞ ಬದಲು ಜ, ಣ ಬದಲು ಡ. ಆರ್ದ್ರಾ ಮೂರನೇ ಪಾದದ ಮಗುವಿಗೆ ‘ಗ’ದಿಂದ ಹೆಸರಿಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ.

‘ಷ’ಕ್ಕೆ ಅಂಥ ಬದಲಿ ಬೇಕಿಲ್ಲ, ಹೆಸರುಗಳಿವೆ. ಕಡಿಮೆ ಅಷ್ಟೇ. ಹುಡುಗನಾದರೆ ಷಣ್ಮುಖ. ಹುಡುಗಿಗೆ ಷೋಡಶಿ, ಷಣ್ಮುಖಪ್ರಿಯ. ಅದು ಹಿಡಿಸದಿದ್ದರೆ ಅದೇ ರಾಶಿಯ ಬೇರೆ ಅಕ್ಷರ ತೆಗೆದುಕೊಳ್ಳುವ ರೂಢಿಯೂ ಇದೆ. ಕನ್ಯಾ ರಾಶಿಗೆ ಉತ್ತರಾದ ಕೊನೆಯ ಮೂರು ಪಾದ (ಟೋ, ಪ, ಪಿ), ಹಸ್ತಾ ಪೂರ್ತಿ, ಚಿತ್ತಾದ ಮೊದಲ ಎರಡು ಪಾದ (ಪೆ, ಪೋ) ಸೇರುತ್ತವೆ. ಪಲ್ಲವಿ, ಪೂರ್ಣಿಮಾ, ಪ್ರಣತಿ ಎಲ್ಲವೂ ಇದರೊಳಗೆ ಬಂದವು. ಹ್ರಸ್ವ ದೀರ್ಘ ಭೇದವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಪು’ಗೆ ‘ಪೂ’ ಸಲ್ಲುತ್ತದೆ.

ಅಕ್ಷರ ಹಿಡಿದು ಕೂರುವ ಮೊದಲು ಹುಟ್ಟಿದ ಸಮಯ ಸರಿಯಿದೆಯೇ ನೋಡಿ. ಒಂದು ನಕ್ಷತ್ರ 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ), ಪಾದ ಅದರ ಕಾಲು ಭಾಗ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತಾನೆ, ವೇಗ ಹೆಚ್ಚಿದಾಗ ಕಡಿಮೆ, ತಗ್ಗಿದಾಗ ಇನ್ನಷ್ಟು. ಮಗು ಪಾದದ ನಡುವೆ ಹುಟ್ಟಿದ್ದರೆ ಅರ್ಧ ಗಂಟೆ ಹೆಚ್ಚುಕಡಿಮೆಯಾದರೂ ಅಕ್ಷರ ಬದಲಾಗದು. ಎರಡು ಪಾದಗಳ ಸಂಧಿಯಲ್ಲಿ ಹುಟ್ಟಿದ್ದರೆ ಹತ್ತು ನಿಮಿಷವೂ ದೊಡ್ಡದೇ. ಅದರ ಮೇಲೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿ ಲೆಕ್ಕ ಹಾಕುವ ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಗ್ರಂಥದ ಸೂತ್ರ ಹಿಡಿಯುವ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಹೊತ್ತು ಬೇರೆ ಬರುತ್ತದೆ. ಅಜ್ಜ ನೋಡಿದ್ದು ಒಂದು, ಆ್ಯಪ್ ನೋಡಿದ್ದು ಇನ್ನೊಂದು ಆದರೆ ಪಾದವೇ ಬೇರೆಯಾಗುವುದುಂಟು. ಮನೆಯಲ್ಲಿ ಹಬ್ಬ ಹರಿದಿನಕ್ಕೆ ಯಾವುದನ್ನು ನೋಡುತ್ತೀರೋ ಅದನ್ನೇ ಹಿಡಿಯಿರಿ.

ಇಷ್ಟು ಹೇಳಿದ ಮೇಲೂ ನೀವು ‘ಶ್ರಾವ್ಯ’ ಬಿಡಬೇಕಿಲ್ಲ. ನಾಮಕರಣದಲ್ಲಿ ಇಡುವುದು ಒಂದೇ ಹೆಸರಲ್ಲವಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಿಂದ ಬರೆಯುವಾಗ ಕುಲದೇವತೆಯ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಬರೆಯುತ್ತಾರೆ. ಅಕ್ಷರದ ಕಟ್ಟುಪಾಡು ಇರುವುದು ನಕ್ಷತ್ರನಾಮಕ್ಕೆ. ‘ಷೋಡಶಿ’ಯನ್ನು ಮಗುವಿನ ಬಲಗಿವಿಯಲ್ಲಿ ಹೇಳಿ, ಜಾತಕದಲ್ಲಿ ಬರೆಸಿ. ಕೂಗುವ ಹೆಸರು ಶ್ರಾವ್ಯ ಇರಲಿ. ಉತ್ತರ ಕರ್ನಾಟಕದ ತೊಟ್ಟಿಲು ಶಾಸ್ತ್ರದಲ್ಲಿ ಹೆಸರು ಇಡುವ ಹಕ್ಕು ಸೋದರತ್ತೆಯದು. ಹಾಗಾಗಿ ಯಾವ ಹೆಸರು ಮೊದಲು, ಯಾವುದು ಆಮೇಲೆ ಎಂದು ಆಕೆಗೆ ಮೊದಲೇ ಚೀಟಿ ಬರೆದುಕೊಡಿ. ಕಿವಿಯಲ್ಲಿ ಹೇಳುವ ಹೊತ್ತಿಗೆ ಸುತ್ತ ನಿಂತವರ ಗದ್ದಲದಲ್ಲಿ ಏನೂ ನೆನಪಿರುವುದಿಲ್ಲ.

ಅಂದಹಾಗೆ ಮನೆಯ ಸಂಸ್ಕಾರಗಳ ಕ್ರಮ ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಗಂಡಿಗೆ ಸಮಸಂಖ್ಯೆಯ ಅಕ್ಷರ, ಹೆಣ್ಣಿಗೆ ಬೆಸಸಂಖ್ಯೆ ಮತ್ತು ಕೊನೆಯಲ್ಲಿ ಆ ಕಾರ ಎನ್ನುತ್ತದೆ. ಒತ್ತಕ್ಷರ ಬೇರೆ ಲೆಕ್ಕಕ್ಕಿಲ್ಲ, ಹಾಗಾಗಿ ಶ್ರಾವ್ಯ ಎರಡೇ ಅಕ್ಷರ, ಪೂರ್ಣಿಮಾ ಮೂರು. ಸೀತಾ, ರಾಧಾ, ಗೌರಿ ಯಾರೂ ಈ ಪರೀಕ್ಷೆ ಪಾಸಾಗುವುದಿಲ್ಲ, ನೀವೂ ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ: ಊರಹೆಸರು

ಕಡತದಾರರ ಮಾತಿಗೆ ಅರ್ಧ ಒಪ್ಪಿಗೆ. ಎರಡು ಪದ ಬೇಕು, ಸರಿ. ಆದರೆ ಅಪ್ಪನ ಹೆಸರನ್ನು ಸರ್‌ನೇಮ್ ಜಾಗಕ್ಕೆ ತುರುಕುವುದು ಅರ್ಜಿಯ ಹೊಟ್ಟೆ ತುಂಬಿಸುವ ಉಪಾಯ ಅಷ್ಟೇ. ಮುಂದಿನ ತಲೆಮಾರಿಗೆ ಅದು ಮತ್ತೆ ಬದಲಾಗುತ್ತದೆ. ಹೊರದೇಶದಲ್ಲಿ ಮಗಳು ‘ಮಿಸ್ ಮಂಜುನಾಥ’, ಅಪ್ಪ ‘ಮಿಸ್ಟರ್ ಕಡೂರು ಸಿದ್ದಪ್ಪ’, ಅಮ್ಮ ‘ಮಿಸೆಸ್ ಬಡಿಗೇರ’. ಒಂದೇ ಮನೆಯವರು ಎಂದು ಅಲ್ಲಿನವರಿಗೆ ಹೊಳೆಯುವುದೇ ಇಲ್ಲ.

ನಮ್ಮಲ್ಲಿ ಹೆಸರಿನ ಯಾವ ತುಂಡು ತಲೆಮಾರು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ನೋಡಿದರೆ ದಾರಿ ಸಿಗುತ್ತದೆ. ಕೆ. ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ದ. ರಾ. ಬೇಂದ್ರೆ ಅಂದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾನು, ಅಪ್ಪ, ಮನೆತನ. ಮಧ್ಯದಲ್ಲಿ ಅಪ್ಪ ಇಬ್ಬರಿಗೂ ಸಮಾನ, ತುದಿಗಳು ತಿರುಗುಮುರುಗು. ‘ಪುಟ್ಟಪ್ಪ’ನನ್ನು ಸರ್‌ನೇಮ್ ಎಂದು ಓದುವವರು ಒಬ್ಬ ವ್ಯಕ್ತಿಯ ಸ್ವಂತ ಹೆಸರನ್ನು ಮನೆತನಕ್ಕೆ ಹಂಚಿದ ಹಾಗಾಯಿತು. ಕೊಡಗಿನವರದು ಮೂರನೇ ಬಗೆ, ಮನೆ ಹೆಸರು ಮೊದಲೇ ಬರುತ್ತದೆ: ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಒಂದೇ ಮನೆತನದ ಇಬ್ಬರು ಜನರಲ್‌ಗಳು, ಆದರೆ ಕಾಗದದಲ್ಲಿ ಆ ನಂಟು ‘ಕೆ’ ಎಂಬ ಒಂದಕ್ಷರದೊಳಗೆ ಮುಚ್ಚಿಹೋಗಿದೆ. ತೆಲುಗರ ಇಂಟಿಪೇರು, ಅಂದರೆ ಮನೆ ಹೆಸರು, ಕೂಡ ಹೀಗೇ. ಪಿ. ವಿ. ನರಸಿಂಹರಾವ್ ಅವರ ‘ಪಿ’ ಪಾಮುಲಪರ್ತಿ, ಮನೆತನ ಇರುವುದು ಅಲ್ಲಿ. ‘ರಾವ್’ ಎಂಬುದರಲ್ಲಿ ಅಲ್ಲ.

ಆದ್ದರಿಂದ ಹಳೇ ಮೈಸೂರಿನವರ ಮಟ್ಟಿಗೆ ಸರ್‌ನೇಮ್ ಆಗಲು ಯೋಗ್ಯವಾದ ತುಂಡು ಊರು. ತಾತನಿಗೂ ಅದೇ, ಮೊಮ್ಮಗಳಿಗೂ ಅದೇ. ಹುಬ್ಬಳ್ಳಿ ಕಡೆ ಹಾನಗಲ್, ಮುಧೋಳ ಎಲ್ಲ ಅಡ್ಡಹೆಸರಾಗಿದ್ದೇ ಹೀಗೆ. ‘ಶ್ರಾವ್ಯ ಕಡೂರು’ ಕಿವಿಗೂ ಚೆಂದ. ಅಪ್ಪನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲದಿದ್ದರೆ ಸರ್‌ನೇಮ್ ಜಾಗದಲ್ಲಿ ಬರೀ ಕಡೂರು ಬರುವಂತೆ, ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ ಸಿದ್ದಪ್ಪ’ ಇರುವಂತೆ ಬಿಡಿಸಿದರೆ ಅಪ್ಪ ಮಗಳು ಒಂದೇ ಸಾಲಿಗೆ ಬರುತ್ತಾರೆ.

‘ಬಡಿಗೇರ’ ಕೂಡ ಕೆಟ್ಟ ಆಯ್ಕೆಯಲ್ಲ. ಕಸುಬಿನಿಂದ ಬಂದ ಹೆಸರು, ಕಂಬಾರ, ಪತ್ತಾರ, ಹೂಗಾರ ಇದ್ದ ಹಾಗೆ. ಅಮ್ಮನ ಕಡೆಯದು ಯಾಕೆ ಎನ್ನುವವರಿಗೆ ‘ಅಂಬಿಕಾತನಯದತ್ತ’ ನೆನಪಿಸಿ. ಬೇಂದ್ರೆಯವರು ಕಾವ್ಯಕ್ಕೆ ಕಟ್ಟಿಕೊಂಡ ಹೆಸರಿನಲ್ಲಿ ಮೊದಲು ನಿಂತವಳು ಅವರ ಅಮ್ಮ ಅಂಬಿಕೆ.

ಶ್ರುತಿಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಅಪ್ಪನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲ, ಹಾಗಾಗಿ ‘ಶ್ರಾವ್ಯ ಕಡೂರು’ ಕಡೆ ಮನೆಯವರ ಒಲವಿದೆ. ಕಿವಿಯಲ್ಲಿ ಷೋಡಶಿ ಎಂದರೆ ಅಜ್ಜನೂ ಒಪ್ಪುತ್ತಾರೆ. ಈಗ ಹೆಸರು ಸೇರಿಸಲು ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದೇ? ಗಡುವು ಎಷ್ಟು? ಒಂದು ವೇಳೆ ಮನಸ್ಸು ಬದಲಾದರೆ?

ಉತ್ತರ: ಕಡತದಾರ

ಊರಹೆಸರು ಅವರು ಹೇಳಿದ್ದರಲ್ಲಿ ಹುರುಳಿದೆ. ಅಪ್ಪನ ಪಾಸ್‌ಪೋರ್ಟ್ ಆಗಿಲ್ಲದ್ದರಿಂದ ಮಾತ್ರ ಅದು ಸುಲಭ. ಆಗಿದ್ದವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ.

ಬೆಂಗಳೂರಿನಲ್ಲಿ ಆಗುವುದಿಲ್ಲ. ಜನನ ನೋಂದಣಿ ನಡೆಯುವುದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪ ಅಮ್ಮ ವಾಸವಿರುವ ಊರಿನಲ್ಲಲ್ಲ. ನಿಮ್ಮ ದಾಖಲೆ ಇರುವುದು ಹುಬ್ಬಳ್ಳಿಯ ನೋಂದಣಾಧಿಕಾರಿಯ ಬಳಿ, ಹೆಸರು ಸೇರಬೇಕಾದದ್ದೂ ಅಲ್ಲೇ. ಕರ್ನಾಟಕದಲ್ಲಿ ದಾಖಲೆ ಇ-ಜನ್ಮ ತಂತ್ರಾಂಶದಲ್ಲಿರುತ್ತದೆ. ಹೋಗುವಾಗ ಹಳೆಯ ಪ್ರಮಾಣಪತ್ರದ ನೋಂದಣಿ ಸಂಖ್ಯೆ, ಅಪ್ಪ ಅಮ್ಮನ ಗುರುತಿನ ಚೀಟಿ, ಇಬ್ಬರ ಸಹಿ ಇರುವ ಅರ್ಜಿ ಕೈಲಿರಲಿ.

ಗಡುವಿನ ವಿಷಯ: 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಹೆಸರಿಲ್ಲದೆ ನೋಂದಣಿಯಾದ ಮಕ್ಕಳಿಗೆಂದೇ ಇದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಕೊಟ್ಟರೆ ಶುಲ್ಕವಿಲ್ಲ. ಆಮೇಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. ಇದನ್ನು 21 ದಿನದ ಗಡುವಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಹುಟ್ಟನ್ನೇ ವರದಿ ಮಾಡಲು ಇರುವ ಅವಧಿ, ನಿಮ್ಮದು ಆಸ್ಪತ್ರೆಯಿಂದ ಆಗಿಹೋಗಿದೆ. ನಾಲ್ಕು ತಿಂಗಳಾಗಿದೆ ಅಂದರೆ ಸಮಯ ಧಾರಾಳ.

ಮನಸ್ಸು ಬದಲಾಯಿಸುವುದಿದ್ದರೆ ಸೇರಿಸುವ ಮೊದಲೇ ಬದಲಾಯಿಸಿ. ಖಾಲಿ ಜಾಗ ತುಂಬುವುದು ಸುಲಭ. ತುಂಬಿದ್ದನ್ನು ಬದಲಾಯಿಸುವುದು ಬೇರೆಯೇ ಕಥೆ. 15ನೇ ಕಲಂ ತಪ್ಪು ತಿದ್ದಲು ಅವಕಾಶ ಕೊಡುತ್ತದೆ, ಆದರೆ ಮೂಲ ನಮೂದನ್ನು ಅಳಿಸದೆ ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆಯುವುದು ಅದರ ಕ್ರಮ. ‘ತಪ್ಪಾಗಿ ನಮೂದಾಗಿದೆ’ ಎಂದು ದಾಖಲೆ ಸಮೇತ ತೋರಿಸಬೇಕು. ‘ಈ ಹೆಸರು ಈಗ ಇಷ್ಟವಿಲ್ಲ’ ಎಂಬುದು ತಪ್ಪು ನಮೂದು ಅಲ್ಲ. ದೊಡ್ಡವಳಾದ ಮೇಲೆ ಅವಳೇ ಬದಲಾಯಿಸಿಕೊಳ್ಳಬೇಕೆಂದರೆ ನೋಟರಿ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಪ್ರಕಟಣೆ ಎಂದು ಉದ್ದದ ದಾರಿ.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಇದೇ ಕಾಯ್ದೆಯ 2023ರ ತಿದ್ದುಪಡಿ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಆ ದಿನದಿಂದ ಈಚೆ ಹುಟ್ಟಿದವರಿಗೆ ಶಾಲೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ, ಜಾಗದ ಪುರಾವೆ ಜನನ ಪ್ರಮಾಣಪತ್ರ. ಹಿಂದಿನವರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೋರಿಸಿ ಪಾರಾಗುತ್ತಿದ್ದರು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹೆಸರಾಗಿ ಉಳಿಯುತ್ತಿತ್ತು. ಈಗ ಎಲ್ಲ ದಾಖಲೆಯೂ ಈ ಒಂದು ಹಾಳೆಯಿಂದ ಕವಲೊಡೆಯುತ್ತದೆ.

ಆದ್ದರಿಂದ ಸರದಿ ಹೀಗಿರಲಿ: ಮೊದಲು ಜನನ ಪ್ರಮಾಣಪತ್ರದಲ್ಲಿ ಹೆಸರು, ಅದರ ಆಧಾರದ ಮೇಲೆ ಮಗುವಿನ ಆಧಾರ್, ಆಮೇಲೆ ಉಳಿದದ್ದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಐದು ವರ್ಷಕ್ಕೆ, ಹದಿನೈದಕ್ಕೆ ಬೆರಳಚ್ಚು ಕೊಡಲು ಹೇಗೂ ಹೋಗಬೇಕು. ‘ಆಗ ಹೆಸರನ್ನೂ ಸರಿಮಾಡಿಸೋಣ’ ಎಂದು ಮುಂದೂಡಿ ಆ ಎರಡು ಅವಕಾಶ ಕಳೆದುಕೊಳ್ಳಬೇಡಿ.

ಉತ್ತರ: ಒತ್ತಕ್ಷರ

ಸ್ಪೆಲ್ಲಿಂಗ್ ಬಗ್ಗೆ ಯಾರೂ ಮುಟ್ಟಿಲ್ಲ, ನಾನು ಬರೆಯುತ್ತೇನೆ.

ಕನ್ನಡದ ಹೆಸರನ್ನು 26 ಅಕ್ಷರಕ್ಕೆ ಇಳಿಸುವಾಗ ಕಳೆದುಹೋಗುವುದು ಮುಖ್ಯವಾಗಿ ದೀರ್ಘ, ಮತ್ತೆ ಲ/ಳ, ನ/ಣ, ಶ/ಷ ಭೇದ. ‘ರಾಮ’ ಮತ್ತು ‘ರಮಾ’ ಎರಡೂ ಆರ್-ಎ-ಎಂ-ಎ. ‘ಕಲಾ’ ಮತ್ತು ‘ಕಾಳ’ ಎರಡೂ ಕೆ-ಎ-ಎಲ್-ಎ, ಒಬ್ಬಳು ಸರಸ್ವತಿಯ ಕಡೆಯವಳು, ಇನ್ನೊಬ್ಬ ಯಮನ ಕಡೆಯವನು. ಇದನ್ನು ಸರಿಮಾಡಲು ‘ಎ’ಗಳನ್ನು ಸಾಲಾಗಿ ಪೇರಿಸಬೇಡಿ. ಪ್ರತಿ ಹೆಚ್ಚುವರಿ ಅಕ್ಷರವೂ ಮುಂದೆ ಯಾರೋ ಬೆರಳಚ್ಚು ಮಾಡುವಾಗ ಬಿಟ್ಟುಬಿಡುವ ಅಕ್ಷರ.

ನಮ್ಮವರ ‘ಟಿ ಎಚ್’ ಅಭ್ಯಾಸವೂ ಗೊತ್ತಿರಲಿ. ತ ಅಕ್ಷರಕ್ಕೆ ದಕ್ಷಿಣದಲ್ಲಿ ‘ಟಿ ಎಚ್’, ಯಾಕೆಂದರೆ ಬರೀ ‘ಟಿ’ ನಮಗೆ ಟ. ಉತ್ತರದವರಿಗೆ ‘ಟಿ’ ಎಂಬುದೇ ತ, ‘ಟಿ ಎಚ್’ ಕಂಡರೆ ಥ ಎಂದು ಓದುತ್ತಾರೆ. ಹಾಗಾಗಿ ಬೆಂಗಳೂರಿನ ಲತಾಗೆ ಐದು ಅಕ್ಷರ, ಮುಂಬೈಯ ಲತಾಗೆ ನಾಲ್ಕು. ಯಾವುದೂ ತಪ್ಪಲ್ಲ. ಅಮ್ಮನ ‘ಸವಿತಾ’, ಅಪ್ಪನ ‘ಮಂಜುನಾಥ’ ಮಗುವಿನ ಅರ್ಜಿಯಲ್ಲಿ ಬರೆಯುವಾಗ ಅವರವರ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ, ನೆನಪಿನಿಂದ ಬರೆಯಬೇಡಿ. ಮಂಜುನಾಥ ಕೊನೆಯಲ್ಲಿ ‘ಎ’ ಇದೆಯೋ ಇಲ್ಲವೋ ಎಂಬುದೊಂದೇ ಸಾಕು, ಅರ್ಜಿ ವಾಪಸ್ ಬರಲು.

ನಿಮ್ಮ ಹೆಸರಿಗೆ ಬಂದರೆ: ‘ಶ್ರ’ವನ್ನು ಹಳಬರು ‘ಎಸ್ ಆರ್’ ಎಂದು ಬರೆಯುತ್ತಿದ್ದರು, ಶ್ರೀನಿವಾಸ ಇದ್ದ ಹಾಗೆ. ಹಾಗೆ ಬರೆದರೆ ಹೊರಗಿನವರು ‘ಸ್ರಾವ್ಯ’ ಎನ್ನುತ್ತಾರೆ. ‘ಸ್ರಾವ’ ಅಂದರೆ ಸೋರುವಿಕೆ, ಮಗಳಿಗೆ ಬೇಡ. ‘ಎಸ್ ಎಚ್ ಆರ್’ ಹಾಕಿ: ಎಸ್-ಎಚ್-ಆರ್-ಎ-ವಿ-ವೈ-ಎ, ಒಟ್ಟು ಏಳು ಅಕ್ಷರ. ಕಡೂರಿಗೆ ಕೆ-ಎ-ಡಿ-ಯು-ಆರ್. ಕೊನೆಗೆ ಇನ್ನೊಂದು ‘ಯು’ ಬೇಕೇ ಎಂದರೆ ಊರಿನ ಹೆಸರು ಸರ್ಕಾರಿ ಕಾಗದಗಳಲ್ಲಿ ಹೇಗೆ ಬರುತ್ತದೋ ಹಾಗೇ ಇಟ್ಟರೆ ವಾದ ಕಡಿಮೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗಿರುವುದು 39 ಸ್ಥಾನ. ಊರು, ಅಪ್ಪ, ಅಜ್ಜ ಎಲ್ಲರನ್ನೂ ಬಿಡಿಸಿ ಬರೆದವರ ಹೆಸರು ಅಲ್ಲಿ ಮೊಟಕಾಗುತ್ತದೆ. ನಿಮ್ಮದು ಸಲೀಸಾಗಿ ಹಿಡಿಸುತ್ತದೆ.

ಕೊನೆಯದಾಗಿ, ಪ್ರಮಾಣಪತ್ರ ಕನ್ನಡ ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಎಲ್ಲರೂ ಇಂಗ್ಲಿಷ್ ಸಾಲನ್ನು ಮೂರು ಸಲ ಓದಿ ಕನ್ನಡದ ಸಾಲನ್ನು ನೋಡದೆ ಸಹಿ ಹಾಕುತ್ತಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂತ್ರಾಂಶವೇ ತಿರುಗಿಸಿದರೆ ನಿಮ್ಮ ಮಗು ‘ಶ್ರವ್ಯ’ ಆಗುವ ಸಾಧ್ಯತೆ ಹೆಚ್ಚು. ಅದೂ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತಿಮಗೊಳಿಸುವ ಮೊದಲು ಗಣಕದ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಕೇಳಿ, ‘ಶ್ರಾ’ದ ದೀರ್ಘ ಇದೆಯೇ ನೋಡಿ, ಆಮೇಲೆ ಸಹಿ ಹಾಕಿ.